ಓದುಗರ ಪ್ರಶ್ನೆ: ‘ಡಾರ್ಕ್’ ಸರಣಿಯ ಗಂಟು ಬಿಚ್ಚುವವರಿಗೆ

ಜರ್ಮನ್ ಸರಣಿ ‘ಡಾರ್ಕ್’ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ನೋಡದವರಿಗೆ ಎರಡೇ ಮಾತು. ವಿಂಡೆನ್ ಎಂಬ ಕಾಲ್ಪನಿಕ ಊರು, ಅಲ್ಲೊಂದು ಅಣುಸ್ಥಾವರ, ಅದರ ಕೆಳಗೆ ಗುಹೆ. ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ, ಹುಡುಕುತ್ತ ಹೋದರೆ ನಾಲ್ಕು ಕುಟುಂಬಗಳ ಬಂಡವಾಳ ಬಯಲಾಗುತ್ತದೆ. ಬಾರಾನ್ ಬೊ ಒಡಾರ್ ಮತ್ತು ಯಾಂಟ್ಯೆ ಫ್ರೀಸೆ ಜೋಡಿಯ ಈ ಸರಣಿ 2017ರಿಂದ 2020ರವರೆಗೆ ಮೂರು ಸೀಸನ್‌ಗಳಲ್ಲಿ, ಒಟ್ಟು 26 ಕಂತುಗಳಲ್ಲಿ ಬಂತು. ಮುಂದಿನ ಉತ್ತರಗಳಲ್ಲಿ ಕೊನೆಯ ಕಂತಿನವರೆಗಿನ ಗುಟ್ಟೆಲ್ಲ ಇದೆ. ನೋಡುವ ಆಸೆ ಇರುವವರು ಪುಟ ತಿರುಗಿಸಿಬಿಡಿ.

ಹಕ್ಕಿಗಳು ಆಕಾಶದಿಂದ ಸತ್ತು ಬೀಳುತ್ತವೆ, ದೀಪಗಳು ಮಿಣುಕುತ್ತವೆ, ಪಾದ್ರಿ ವೇಷದ ನೋವಾ ದೆವ್ವದಂತೆ ಸುಳಿಯುತ್ತಾನೆ. ಇದು ದೆವ್ವದ ಕಥೆಯೋ ವಿಜ್ಞಾನದ ಕಥೆಯೋ? (ದಾವಣಗೆರೆ)

ಮೇಲೆ ದೆವ್ವದ ಕಥೆ, ಒಳಗೆ ಲೆಕ್ಕದ ಕಥೆ. ದೀಪ ಮಿಣುಕಿದರೆ ಎಲ್ಲೋ ಕಾಲದ ಬಾಗಿಲು ತೆರೆಯುತ್ತಿದೆ ಎಂದು ಓದಿಕೊಳ್ಳಿ, ಹಕ್ಕಿ, ಕುರಿಗಳ ಸಾವೂ ಆ ಬಾಗಿಲಿನದೇ ಪರಿಣಾಮ. ಪ್ರೇತ, ಶಾಪ, ಪುನರ್ಜನ್ಮ ಆಧಾರದ ಮೇಲೆ ಕಟ್ಟಿದ ಊಹೆ ಒಂದೂ ನಿಲ್ಲುವುದಿಲ್ಲ. ಕಣ್ಣು ಸುಟ್ಟ ಬಾಲಕನ ಹೆಣ ಸಿಕ್ಕಾಗ ಮೈಮೇಲಿನ ಬಟ್ಟೆ, ಪಕ್ಕದ ವಾಕ್‌ಮನ್ ನೋಡಿ: 2019ರಲ್ಲಿ ಸಿಕ್ಕ ಹೆಣ 1986ರದ್ದು. ಈ ಸರಣಿಯಲ್ಲಿ ಸುಳಿವು ಕೊಡುವುದು ಮುಖಕ್ಕಿಂತ ಹೆಚ್ಚಾಗಿ ವಸ್ತುಗಳು.

ನಾನು ನೋಟ್‌ಬುಕ್ ಇಟ್ಟುಕೊಂಡೇ ನೋಡಿದೆ. ಮೊದಲ ಸೀಸನ್‌ನಲ್ಲಿ ಗುಹೆಯ ದಾರಿ 1986ಕ್ಕೆ ಹೋಗುತ್ತದೆ, ಎರಡನೆಯದರಲ್ಲಿ 1987 ಎನ್ನುತ್ತಾರೆ. ತಪ್ಪು ಅವರದೋ ನನ್ನದೋ? (ಶಿವಮೊಗ್ಗ)

ನಿಮ್ಮ ನೋಟ್‌ಬುಕ್ಕಿನದು. ಗುಹೆಯ ದಾರಿ ಒಂದು ನಿಗದಿತ ವರ್ಷಕ್ಕೆ ಹೋಗುವುದಿಲ್ಲ, ನೀವು ಇರುವ ದಿನದಿಂದ 33 ವರ್ಷ ಹಿಂದಕ್ಕೋ ಮುಂದಕ್ಕೋ ಹೋಗುತ್ತದೆ. ಈ ಕಡೆ ಒಂದು ದಿನ ಕಳೆದರೆ ಆ ಕಡೆಯೂ ಒಂದು ದಿನ ಕಳೆದಿರುತ್ತದೆ. ಮೊದಲ ಸೀಸನ್ ನಡೆಯುವುದು 2019ರ ನವೆಂಬರ್‌ನಲ್ಲಿ, ಹಾಗಾಗಿ ಜೊತೆಗಾರ ವರ್ಷಗಳು 1986 ಮತ್ತು 1953. ಎರಡನೆಯದು 2020ರ ಜೂನ್, ಆದ್ದರಿಂದ 1987, 1954, 1921 ಮತ್ತು ಮುಂದೆ 2053. ಮೊದಲ ಸೀಸನ್‌ನ ಕೊನೆಯಲ್ಲಿ ಕಥಾನಾಯಕ ಯೋನಾಸ್ ಬಿದ್ದದ್ದು 2052ರಲ್ಲಿ, ಮುಂದಿನ ಸೀಸನ್‌ನಲ್ಲಿ ಅಲ್ಲೇ 2053. ಕಳೆದದ್ದು ಆ ಏಳೆಂಟು ತಿಂಗಳು, ಅಷ್ಟೇ.

ಹೊಸದಾಗಿ ಪಟ್ಟಿ ಮಾಡುವುದಾದರೆ ಎ3 ಹಾಳೆಯನ್ನು ಅಡ್ಡಲಾಗಿ ಇಟ್ಟು ಐದು ಕಂಬಸಾಲು ಎಳೆಯಿರಿ: 1921, 1954, 1987, 2020, 2053. ಒಬ್ಬ ವ್ಯಕ್ತಿಗೆ ಒಂದೇ ಅಡ್ಡಸಾಲು, ಎಷ್ಟೇ ವಯಸ್ಸಿನಲ್ಲಿ ಕಾಣಿಸಿಕೊಂಡರೂ. ಹುಡುಗ ಯೋನಾಸ್, ನಡುವಯಸ್ಸಿನ ‘ಅಪರಿಚಿತ’, ಮುದುಕ ಆಡಮ್ ಮೂವರೂ ಒಬ್ಬನೇ, ಒಂದೇ ಸಾಲು. ಹೆಚ್ಚಿನವರು ಎಡವುವುದು ಇಲ್ಲೇ. ಹೆಸರಿಗೊಂದು ಸಾಲು ಕೊಟ್ಟು ಒಬ್ಬನನ್ನೇ ಮೂವರಾಗಿ ಎಣಿಸುತ್ತಾರೆ. 1888ನ್ನು ಪ್ರತ್ಯೇಕ ಹಾಳೆಯಲ್ಲಿ ಇಡಿ, ಎರಡನೇ ಲೋಕವನ್ನು (ಯೋನಾಸ್ ಹುಟ್ಟದ ಸಮಾನಾಂತರ ವಿಂಡೆನ್) ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ. ಯೋನಾಸ್ ಪ್ರೀತಿಸುವ ಮಾರ್ಥಾಳ ಹಣೆಯ ಮೇಲೆ ಕತ್ತರಿಸಿದ ಮುಂಗೂದಲು ಇದ್ದರೆ ಅವಳು ಎರಡನೇ ಲೋಕದವಳು. ಅವಳ ಕೆನ್ನೆ ಮೇಲೆ ಗಾಯವೂ ಇದ್ದರೆ ಈವಾಳ (ಅದೇ ಮಾರ್ಥಾಳ ಮುದಿ ರೂಪ) ಕಡೆಗೆ ವಾಲಿದ ನಂತರದವಳು. ಯೋನಾಸ್‌ನ ಕುತ್ತಿಗೆಯಲ್ಲಿ ಹಗ್ಗದ ಗುರುತು ಇದ್ದರೆ ಅವನು ಭವಿಷ್ಯದಲ್ಲಿ ನೇಣಿಗೇರಿ ಉಳಿದು ಬಂದವನು.

ಯಾಕೆ 33? ಸುಮ್ಮನೆ ಆರಿಸಿದ ಸಂಖ್ಯೆಯೇ? (ಭಟ್ಕಳ)

ಕಥೆಯೊಳಗೆ ಪೊಲೀಸ್ ಅಧಿಕಾರಿ ಶಾರ್ಲೊಟ್ ಕೊಡುವ ಕಾರಣ ಸೂರ್ಯ-ಚಂದ್ರರ ಚಕ್ರ, ಅದು ಲೆಕ್ಕಕ್ಕೆ ಸರಿ. 33 ಸೌರ ವರ್ಷಕ್ಕೆ ಸುಮಾರು 12,053 ದಿನ. 34 ಚಾಂದ್ರ ವರ್ಷಕ್ಕೆ ಸುಮಾರು 12,048. ವ್ಯತ್ಯಾಸ ಐದು ದಿನದೊಳಗೆ. ನಮ್ಮ ಪಂಚಾಂಗದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ಸುಮಾರು ಮೂವತ್ತೆರಡೂವರೆ ತಿಂಗಳಿಗೊಂದು ಅಧಿಕ ಮಾಸ ಸೇರಿಸಿ ಯುಗಾದಿ ದಾರಿ ತಪ್ಪದಂತೆ ನೋಡಿಕೊಳ್ಳುತ್ತೇವೆ. ಹಿಜರಿ ಪಂಚಾಂಗದಲ್ಲಿ ಅಧಿಕ ಮಾಸ ಇಲ್ಲ. 1986ರಲ್ಲಿ ರಂಜಾನ್ ತಿಂಗಳು ಶುರುವಾದದ್ದು ಮೇ ಎರಡನೇ ವಾರದಲ್ಲಿ, ಹಿಜರಿ 1406. 34 ಹಿಜರಿ ವರ್ಷ ಕಳೆದು ಹೆಚ್ಚುಕಡಿಮೆ ಅದೇ ಹೊತ್ತಿಗೆ, ಮೇ ಮೊದಲ ವಾರಕ್ಕೆ, ಬಂದದ್ದು 2019ರಲ್ಲಿ, ಹಿಜರಿ 1440. ಸರಣಿಯ ಎರಡು ಮುಖ್ಯ ವರ್ಷಗಳೂ ಅವೇ. ಭಟ್ಕಳದವರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಿಲ್ಲ.

ಶಾರ್ಲೊಟ್‌ಳ ಮಗಳು ಎಲಿಸಾಬೆತ್, ಎಲಿಸಾಬೆತ್‌ಳ ಮಗಳು ಶಾರ್ಲೊಟ್. ತಲೆ ಕೆಟ್ಟುಹೋಗಿದೆ. ಡಿಎನ್‌ಎ ಲೆಕ್ಕದಲ್ಲಿ ಇದು ಕೂಡುತ್ತದೆಯೇ? (ಮೈಸೂರು)

ಲೆಕ್ಕಕ್ಕೆ ಕೂಡುತ್ತದೆ, ಒಂದು ಕಡೆ ಹೊರತು. ಶಾರ್ಲೊಟ್‌ಳ ತಂದೆ ನೋವಾ, ಎಲಿಸಾಬೆತ್‌ಳ ತಂದೆ ಪೀಟರ್. ಪ್ರತಿ ಮಗುವಿಗೆ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ. ಹಾಗಾದರೆ ಶಾರ್ಲೊಟ್ ಎಂದರೆ ಅರ್ಧ ಎಲಿಸಾಬೆತ್, ಅರ್ಧ ನೋವಾ. ಆ ಎಲಿಸಾಬೆತ್ ಮತ್ತೆ ಅರ್ಧ ಶಾರ್ಲೊಟ್, ಅರ್ಧ ಪೀಟರ್. ಒಂದನ್ನು ಇನ್ನೊಂದರಲ್ಲಿ ಇಟ್ಟು ನೋಡಿ: ಶಾರ್ಲೊಟ್ = ಕಾಲು ಶಾರ್ಲೊಟ್ + ಕಾಲು ಪೀಟರ್ + ಅರ್ಧ ನೋವಾ. ಕಾಲು ಶಾರ್ಲೊಟ್‌ಳನ್ನು ಈ ಕಡೆ ತಂದರೆ ಮುಕ್ಕಾಲು ಉಳಿಯುತ್ತದೆ. ಭಾಗಿಸಿದರೆ ಅವಳಲ್ಲಿ ಮೂರರಲ್ಲಿ ಎರಡು ಪಾಲು ನೋವಾ, ಒಂದು ಪಾಲು ಪೀಟರ್. ಎಲಿಸಾಬೆತ್‌ಳಲ್ಲಿ ಅದು ತಿರುವುಮುರುವು. ಅಂದರೆ ಪೀಟರ್ ಮದುವೆಯಾದ ಹೆಂಡತಿಯಲ್ಲೇ ಮೂರನೇ ಒಂದು ಪಾಲು ಅವನದೇ ರಕ್ತ. ಪಾಪ, ಅವನಿಗೆ ಅದು ಕೊನೆಗೂ ಗೊತ್ತಾಗುವುದಿಲ್ಲ.

ಕೂಡದ ಕಡೆ ಮೈಟೋಕಾಂಡ್ರಿಯದ ಡಿಎನ್‌ಎ. ಅದು ತಾಯಿಯಿಂದ ಮಾತ್ರ ಬರುತ್ತದೆ. ಇಲ್ಲಿ ತಾಯಿಯ ಸಾಲು ವೃತ್ತ, ಆದ್ದರಿಂದ ಅದು ನೋವಾನಿಂದಲೂ ಬಂದಿಲ್ಲ, ಪೀಟರ್‌ನಿಂದಲೂ ಇಲ್ಲ, ಎಲ್ಲಿಂದಲೂ ಇಲ್ಲ. ಗಡಿಯಾರದಂಗಡಿಯ ಟಾನ್‌ಹೌಸ್ ತನ್ನ ಬಳಿಗೆ ಬಂದ ಕಾಲಯಂತ್ರವನ್ನೇ ಮಾದರಿ ಮಾಡಿಕೊಂಡು ಅದೇ ಯಂತ್ರ ಕಟ್ಟುತ್ತಾನಲ್ಲ, ಅದೇ ವಿರೋಧಾಭಾಸ ಇಲ್ಲಿ ಜೀವಕೋಶದೊಳಗೆ. ‘ಪ್ರತಿ ಸುತ್ತಿಗೂ ಜೀನ್‌ನಲ್ಲಿ ಬದಲಾವಣೆ ಸೇರುತ್ತ ಹೋಗಿ ಒಂದು ದಿನ ಇಬ್ಬರೂ ಬೇರೆಯವರಾಗುತ್ತಾರೆ’ ಎಂಬ ಊಹೆಯನ್ನು ಕೆಲವರು ಕಳಿಸಿದ್ದಾರೆ. ಅದು ನಿಲ್ಲುವುದಿಲ್ಲ. ಸುತ್ತು ಎಂದರೆ ಮತ್ತೆ ಮತ್ತೆ ನಡೆಯುವುದಲ್ಲ. ಇಬ್ಬರೂ ಹುಟ್ಟುವುದು ಒಂದೊಂದೇ ಸಲ.

ಇನ್ನು ಯೋನಾಸ್. ಅವನು ಪ್ರೀತಿಸುವ ಮಾರ್ಥಾ ಅವನ ತಂದೆ ಮಿಕ್ಕೆಲ್‌ನ ಅಕ್ಕ (2019ರಲ್ಲಿ ಕಾಣೆಯಾದ ಮಿಕ್ಕೆಲ್ 1986ಕ್ಕೆ ಹೋಗಿ ಅಲ್ಲೇ ಬೆಳೆದವನು). ಸೋದರತ್ತೆಯ ಮಗಳನ್ನು ತರುವುದು ನಮ್ಮಲ್ಲಿ ವಾಡಿಕೆ. ಈತ ಸೋದರತ್ತೆಯನ್ನೇ ಬಯಸಿದ. ಎರಡನೇ ಲೋಕದ ಮಾರ್ಥಾಳಿಂದ ಹುಟ್ಟಿದ ಹೆಸರಿಲ್ಲದ ಮಗ, ಅವನ ಮಗ ಟ್ರೊಂಟೆ, ಟ್ರೊಂಟೆಯ ಮಗ ಉಲ್ರಿಖ್, ಉಲ್ರಿಖ್‌ನ ಮಗ ಮಿಕ್ಕೆಲ್, ಮಿಕ್ಕೆಲ್‌ನ ಮಗ ಮತ್ತೆ ಯೋನಾಸ್.

ಎರಡನೇ ಲೋಕಕ್ಕೆ ಹೋದ ಯೋನಾಸ್ ಗುಂಡೇಟಿಗೆ ಸಾಯುತ್ತಾನೆ. ಹಾಗಾದರೆ ಮುದುಕ ಆಡಮ್ ಆದವನು ಯಾರು? ಕಥೆಗಾರರು ಮರೆತರೇ? (ಹುಬ್ಬಳ್ಳಿ)

ಮರೆತಿಲ್ಲ, ಕಥೆಯ ಅತಿ ಚತುರ ಜಾಗ ಇದೇ. ಮೊದಲು ಸಾಮಾನ್ಯ ನಿಯಮ ನೆನಪಿಡಿ: ನಡೆದದ್ದನ್ನು ತಡೆಯಲು ಹೋದವರೇ ಅದನ್ನು ನಡೆಸುತ್ತಾರೆ. ಹೆಲ್ಗೆ ಮುಂದೆ ಕೊಲೆಗಾರನಾಗುತ್ತಾನೆಂದು ನಂಬಿದ ಉಲ್ರಿಖ್ 1953ರಲ್ಲಿ ಆ ಪುಟ್ಟ ಹುಡುಗನ ತಲೆಗೆ ಕಲ್ಲಿನಿಂದ ಹೊಡೆಯುತ್ತಾನೆ, ಹೆಲ್ಗೆ ನೋವಾನ ಕೈಗೆ ಸಿಗುವ ದಾರಿ ಅಲ್ಲಿಂದಲೇ ತೆರೆಯುತ್ತದೆ. ಅಪ್ಪನ ಆತ್ಮಹತ್ಯೆ ತಡೆಯಲು ಯೋನಾಸ್ ಹಿಂದಿನ ದಿನಕ್ಕೆ, 2019ರ ಜೂನ್ 20ಕ್ಕೆ ಹೋಗುತ್ತಾನೆ. ಅಪ್ಪನ ತಲೆಯಲ್ಲಿ ಆ ಯೋಚನೆಯೇ ಇರಲಿಲ್ಲ, ಹಾಕಿದವನು ಮಗ. ತನ್ನ ತಂದೆ ಎಗೊನ್‌ನನ್ನು ಉಳಿಸಲು ಹೋದ ಕ್ಲೌಡಿಯಾಳ ಕಥೆಯೂ ಹೀಗೇ. ಮುಂದೆ ಬದುಕಿರಬೇಕಾದವನನ್ನು ಕೊಲ್ಲಲೂ ಆಗುವುದಿಲ್ಲ. 1921ರಲ್ಲಿ ನೋವಾ ಆಡಮ್‌ನತ್ತ ಹಿಡಿದ ಪಿಸ್ತೂಲು ಕೈಕೊಡುತ್ತದೆ.

ಈ ನಿಯಮಕ್ಕೆ ಒಂದೇ ಒಂದು ಬಿರುಕು. 2020ರ ಜೂನ್ 27ರ ಪ್ರಳಯದ ಹೊತ್ತಿಗೆ ಕಾಲ ಒಂದು ಕ್ಷಣ ನಿಲ್ಲುತ್ತದೆ, ಕಾರಣ-ಪರಿಣಾಮದ ಸರಪಳಿ ಅಲ್ಲಿ ಕಳಚುತ್ತದೆ. ಆ ಕ್ಷಣದಲ್ಲಿ ಎರಡೂ ನಿಜ. ಒಂದು ಎಳೆಯಲ್ಲಿ ಎರಡನೇ ಲೋಕದ ಮಾರ್ಥಾ ಬಂದು ಯೋನಾಸ್‌ನನ್ನು ಕರೆದೊಯ್ಯುತ್ತಾಳೆ. ಇವನೇ ಮುಂದೆ ಗುಂಡೇಟಿಗೆ ಸಾಯುವವನು. ಇನ್ನೊಂದು ಎಳೆಯಲ್ಲಿ ಬಾರ್ತೋಷ್ ಅವಳನ್ನು ಅಡ್ಡಗಟ್ಟುತ್ತಾನೆ, ಅವಳು ಬರುವುದಿಲ್ಲ, ಯೋನಾಸ್ ಮನೆಯ ನೆಲಮಾಳಿಗೆಗೆ ಇಳಿದು ಬದುಕುತ್ತಾನೆ. ಆಡಮ್ ಆಗುವವನು ಈತ. ನಿಮ್ಮ ಹಾಳೆಯಲ್ಲಿ ಯೋನಾಸ್‌ನ ಸಾಲು ಕವಲೊಡೆಯಬೇಕಾದ ಜಾಗ ಆ ದಿನಾಂಕ. ಮೂರನೇ ಸೀಸನ್ ಬಿಡುಗಡೆಯಾದದ್ದೂ ಸರಿಯಾಗಿ 2020ರ ಜೂನ್ 27ರಂದೇ. ತಯಾರಕರ ಈ ಕುಚೇಷ್ಟೆಗೆ ಒಂದು ಚಪ್ಪಾಳೆ ಸಲ್ಲಬೇಕು.

ಕೊನೆಯ ಊಟದ ಮೇಜಿನಲ್ಲಿ ಆರೇ ಜನ ಯಾಕೆ? ರೆಗೀನಾ ಉಳಿದರೆ ಗಂಡ ಅಲೆಕ್ಸಾಂಡರ್ ಎಲ್ಲಿ? (ಬೆಂಗಳೂರು)

ಹಾನಾ, ಕತರೀನಾ, ಪೀಟರ್, ಬೆನ್ನಿ, ವೊಲ್ಲರ್, ರೆಗೀನಾ. ಕಾಲಪ್ರಯಾಣ ಇಲ್ಲದಿದ್ದರೂ ಹುಟ್ಟುತ್ತಿದ್ದವರು ಮಾತ್ರ ಎರಡೂ ಲೋಕಗಳಿಗೆ ಮೊದಲಿನ ಆ ಮೂಲ ಲೋಕದಲ್ಲಿ ಇರಲು ಸಾಧ್ಯ. ಟ್ರೊಂಟೆ ಇಲ್ಲದಿದ್ದರೆ ಉಲ್ರಿಖ್ ಇಲ್ಲ, ಅವನ ಮಕ್ಕಳೂ ಇಲ್ಲ. ರೆಗೀನಾ ಟ್ರೊಂಟೆಯ ಮಗಳೆಂಬ ಅನುಮಾನ ಬಹಳ ಕಾಲ ಇತ್ತು. ಅವಳು ಮೇಜಿನಲ್ಲಿ ಕೂತಿರುವುದೇ ಅದು ಸುಳ್ಳೆಂಬ ಪುರಾವೆ. ಅವಳ ತಂದೆ ಸ್ಥಾವರದ ಬರ್ನ್ಡ್ ಡಾಪ್ಲರ್. ಕ್ಲೌಡಿಯಾ ಇಷ್ಟೆಲ್ಲ ಹೆಣಗಿದ್ದು ಆ ಮಗಳಿಗಾಗಿ.

ಅಲೆಕ್ಸಾಂಡರ್ ಬಗ್ಗೆ ಸರಣಿ ಏನೂ ಹೇಳುವುದಿಲ್ಲ, ಹೀಗಾಗಿ ಇದು ನಮ್ಮ ಊಹೆ. 1986ರಲ್ಲಿ ಅವನು ರೆಗೀನಾಳ ಕಣ್ಣಿಗೆ ಬಿದ್ದದ್ದು ಕತರೀನಾ ಮತ್ತು ಉಲ್ರಿಖ್ ಅವಳನ್ನು ಕಾಡುವಾಗ ಬಿಡಿಸಿದ್ದರಿಂದ. ಉಲ್ರಿಖ್ ಹುಟ್ಟಲೇ ಇಲ್ಲವಾದರೆ ಆ ಜಗಳ ಇಲ್ಲ, ಪರಿಚಯವೂ ಇಲ್ಲ. ಅವನು ಬದುಕಿರಬಹುದು, ವಿಂಡೆನ್‌ನಲ್ಲಿ ನಿಂತಿರುವುದಿಲ್ಲ. ಅವನ ಅಸಲಿ ಹೆಸರು ಬೋರಿಸ್ ನೀವಾಲ್ಟ್ ಎಂದು ಗೊತ್ತಾಗುತ್ತದೆ. ಯಾರ ಪಾಸ್‌ಪೋರ್ಟ್ ಇಟ್ಟುಕೊಂಡು ಬಂದನೋ ಆ ನಿಜವಾದ ಅಲೆಕ್ಸಾಂಡರ್ ಕೋಲರ್‌ಗೆ ಏನಾಯಿತು ಎಂಬುದು ತೆರೆದೇ ಉಳಿದಿದೆ. ಇಡೀ ಸರಣಿಯಲ್ಲಿ ಊಹೆಗೆ ನಿಜವಾಗಿ ಜಾಗವಿರುವ ಕೆಲವೇ ಕಡೆಗಳಲ್ಲಿ ಇದೊಂದು.

ಯೋನಾಸ್, ಮಾರ್ಥಾ ಟಾನ್‌ಹೌಸ್‌ನ ಕುಟುಂಬವನ್ನು ಉಳಿಸಿದರೆ ತಾವೇ ಹುಟ್ಟುವುದಿಲ್ಲ. ಹುಟ್ಟದವರು ಉಳಿಸಿದ್ದು ಹೇಗೆ? (ಧಾರವಾಡ)

ಸರಣಿಗೆ ಇದಕ್ಕೆ ಪೂರ್ತಿ ಉತ್ತರವಿಲ್ಲ. 1971ರ ಅಪಘಾತದಲ್ಲಿ ಟಾನ್‌ಹೌಸ್‌ನ ಮಗ, ಸೊಸೆ, ಮೊಮ್ಮಗು ಸಾಯುತ್ತಾರೆ. ಅವರನ್ನು ಮರಳಿ ತರಲು ಅವನು ಕಟ್ಟಿದ ಯಂತ್ರ 1986ರಲ್ಲಿ ಮೂಲ ಲೋಕವನ್ನೇ ಸೀಳಿ ಎರಡು ಮಾಡುತ್ತದೆ. ಆ ಸೀಳುವ ಗಳಿಗೆಯಲ್ಲಿ ತೆರೆದ ದಾರಿಯಿಂದ ಇಬ್ಬರೂ 1971ಕ್ಕೆ ತಲುಪುತ್ತಾರೆ, ಕಾರು ಅಪ್ಪನ ಮನೆಗೆ ಹಿಂತಿರುಗುತ್ತದೆ. ಸಮರ್ಥಿಸುವವರು ಎರಡೂ ಸ್ಥಿತಿಗಳು ಒಂದರ ಮೇಲೊಂದು ಇದ್ದವು ಎನ್ನುತ್ತಾರೆ, ಯೋನಾಸ್‌ನ ಕವಲಿನ ಹಾಗೆ. ಆ ವಾದದ ತೊಂದರೆ ಏನೆಂದರೆ, ಕವಲಿನಲ್ಲಿ ಎರಡೂ ಎಳೆಗಳು ಉಳಿಯುತ್ತವೆ, ಇಲ್ಲಿ ಒಂದು ಅಳಿಸಿಹೋಗುತ್ತದೆ. 25 ಕಂತು ಕಟ್ಟುನಿಟ್ಟಾಗಿ ಲೆಕ್ಕ ಒಪ್ಪಿಸಿದವರು 26ನೆಯದರಲ್ಲಿ ಭಾವನೆಯ ಕೈ ಹಿಡಿದರು ಎಂಬುದು ನಮ್ಮ ಅಭಿಪ್ರಾಯ. ಹಾಗಂತ ಮುಕ್ತಾಯ ಕೆಟ್ಟದ್ದಲ್ಲ.

ಪೊಲೀಸ್ ವೊಲ್ಲರ್‌ನ ಕಣ್ಣಿಗೆ ಏನಾಗಿತ್ತು? (ಕಲಬುರಗಿ)

ಹೇಳುವುದಿಲ್ಲ, ಬೇಕಂತಲೇ. ಮೊದಲ ಲೋಕದಲ್ಲಿ ಕಣ್ಣಿಗೆ ಪಟ್ಟಿ, ಎರಡನೆಯದರಲ್ಲಿ ಒಂದು ತೋಳೇ ಇಲ್ಲ. ಕೊನೆಯ ಊಟದಲ್ಲಿ ಕಥೆ ಶುರುಮಾಡುತ್ತಾನೆ, ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಇದು ನಮ್ಮಂಥವರ ಕಾಲೆಳೆಯಲು ಇಟ್ಟದ್ದು. ಇದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟಬೇಡಿ.

ಇದೇ ಜೋಡಿಯ ‘1899’ ನೋಡಬಹುದೇ? ಅದರ ರಹಸ್ಯಗಳೂ ಬಿಡಿಸಿಕೊಳ್ಳುತ್ತವೆಯೇ? (ದುಬೈ)

ನೋಡಬಹುದು, ಉತ್ತರದ ಆಸೆ ಇಟ್ಟುಕೊಳ್ಳಬೇಡಿ. 2022ರ ನವೆಂಬರ್‌ನಲ್ಲಿ ಎಂಟು ಕಂತು ಬಂದವು. ಮೂರು ಸೀಸನ್‌ಗಳ ಯೋಜನೆ ಇತ್ತು, ಆದರೆ 2023ರ ಜನವರಿಯಲ್ಲೇ ಸರಣಿ ರದ್ದಾಯಿತು. ಹಡಗಿನ ಪ್ರಯಾಣಿಕರು ನಿಜಕ್ಕೂ ಎಲ್ಲಿದ್ದಾರೆಂಬುದು ಎಂಟನೇ ಕಂತಿನಲ್ಲಿ ಗೊತ್ತಾಗುತ್ತದೆ. ಅವರನ್ನು ಅಲ್ಲಿಗೆ ಯಾಕೆ ಕಳಿಸಲಾಯಿತು ಎಂಬುದಕ್ಕೆ ಪಟ್ಟಿ ಹಾಕಿ ಕೂರಲು ಬೇಕಾದಷ್ಟು ಸಾಮಗ್ರಿ ಆ ಎಂಟು ಕಂತುಗಳಲ್ಲಿಲ್ಲ.