ಟೆನಿಸ್ ಸ್ಕಾಲರ್‌ಶಿಪ್, ಎಫ್-1 ವೀಸಾ ಮತ್ತು ಕೋಚ್ ಹೇಳಿದ ಎಂಟು ಸಾವಿರ ಡಾಲರ್

ತಮ್ಮಾ,

ಅಮೆರಿಕದ ಕಾಲೇಜಿನ ಟೆನಿಸ್ ಸ್ಕಾಲರ್‌ಶಿಪ್ ಜೊತೆಗೆ ವರ್ಷಕ್ಕೆ ಎಂಟು ಸಾವಿರ ಡಾಲರ್ ‘ಎನ್ಐಎಲ್’ ದುಡ್ಡು (ಆಟಗಾರನ ಹೆಸರು, ಚಿತ್ರ ಬಳಸಿದ್ದಕ್ಕೆ ಸಿಗುವ ಹಣ) ಕೊಡಿಸ್ತೀನಿ ಅಂತ ಕೋಚ್ ಹೇಳಿದ್ದಾರೆ, ತಗೋಬಹುದಾ, ಊಟ-ಚಳಿ ಹೇಗೆ ಅಂತ ಕೇಳಿದ್ದೀಯ. ಊಟಕ್ಕೆ ತೊಂದರೆ ಇಲ್ಲ, ಸಾರಿನ ಪುಡಿ ಮಾತ್ರ ಮನೆಯಿಂದಲೇ ತಾ. ಚಳಿ ಬಟ್ಟೆ ಇಲ್ಲಿಗೆ ಬಂದಮೇಲೆ ಕೊಂಡರಾಯಿತು. ದುಡ್ಡಿನ ವಿಷಯ ನಿಮ್ಮಪ್ಪನೂ ಕೂತು ಓದಲಿ.

ನಾನು ಬಂದಾಗ ಕಾಲೇಜು ಆಟಗಾರ ದುಡ್ಡು ಮುಟ್ಟುವುದೇ ಅಪರಾಧ. ಗುಟ್ಟಾಗಿ ಹಣ ಕೊಟ್ಟದ್ದಕ್ಕೆ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ 1987ರ ಅಮೆರಿಕನ್ ಫುಟ್‌ಬಾಲ್ ಸೀಸನ್ನನ್ನೇ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ರದ್ದು ಮಾಡಿತ್ತು. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ಗಳಿಸಬಹುದು ಅಂತಾಯಿತು. ಆ ಹಣವನ್ನು ಆಟಗಾರರನ್ನು ಸೆಳೆಯಲು ಆಮಿಷವಾಗಿ ಬಳಸಬಾರದು ಅನ್ನುವ ನಿಯಮವಿತ್ತು. ಅದನ್ನು ಜಾರಿ ಮಾಡದಂತೆ 2024ರ ಫೆಬ್ರವರಿಯಲ್ಲಿ ಟೆನೆಸಿಯ ಫೆಡರಲ್ ನ್ಯಾಯಾಲಯ ತಡೆ ಕೊಟ್ಟಿತು. ಹಾಗಾಗಿಯೇ ಕೋಚ್ ಮೊದಲ ಫೋನಿನಲ್ಲೇ ದುಡ್ಡಿನ ಮಾತೆತ್ತುವುದು. 2025ರ ಜೂನ್ 6ರಂದು ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ‘ಹೌಸ್’ ಮೊಕದ್ದಮೆಯ ರಾಜಿಗೆ ನ್ಯಾಯಾಲಯದ ಒಪ್ಪಿಗೆ ಸಿಕ್ಕಿ, ಕಾಲೇಜೇ ನೇರವಾಗಿ ಆಟಗಾರರಿಗೆ ಹಣ ಹಂಚಬಹುದಾಯಿತು. 2025-26ಕ್ಕೆ ಒಂದು ಕಾಲೇಜಿನ ಮಿತಿ ಸುಮಾರು 2.05 ಕೋಟಿ ಡಾಲರ್.

ಆ ದೊಡ್ಡ ಅಂಕಿ ನೋಡಿ ಹಿಗ್ಗಬೇಡ. ಹೆಚ್ಚಿನ ಪಾಲು ಫುಟ್‌ಬಾಲಿಗೂ ಪುರುಷರ ಬಾಸ್ಕೆಟ್‌ಬಾಲಿಗೂ ಹೋಗುತ್ತೆ. ಪುರುಷರ, ಮಹಿಳೆಯರ ಬಾಸ್ಕೆಟ್‌ಬಾಲ್ ಮತ್ತು ಫುಟ್‌ಬಾಲ್ ಬಿಟ್ಟು ಉಳಿದೆಲ್ಲ ಆಟಗಳಿಗೆ ಸೇರಿ ಶೇ. 5 ಇಟ್ಟರೂ ಹತ್ತು ಲಕ್ಷ ಡಾಲರ್ ಆಸುಪಾಸು, ಅದನ್ನು ಈಜು, ಅಥ್ಲೆಟಿಕ್ಸ್, ಟೆನಿಸ್ ಎಲ್ಲ ಹಂಚಿಕೊಳ್ಳಬೇಕು. ಹೊಸದಾಗಿ ಸೇರಿಸಿದ ಸ್ಕಾಲರ್‌ಶಿಪ್ ಕೂಡ 25 ಲಕ್ಷ ಡಾಲರ್‌ವರೆಗೆ ಇದೇ ಮಿತಿಯೊಳಗೆ ಲೆಕ್ಕ. ಮೊದಲು ಪುರುಷರ ಟೆನಿಸ್‌ಗೆ 4.5 ಸ್ಕಾಲರ್‌ಶಿಪ್, ಅದನ್ನೇ ಎಂಟು ಹತ್ತು ಹುಡುಗರಿಗೆ ತುಂಡು ಮಾಡಿ ಹಂಚುತ್ತಿದ್ದರು. ರಾಜಿಗೆ ಸೇರಿದ ಕಾಲೇಜಿನಲ್ಲಿ ಈಗ ಆ ಮಿತಿ ಇಲ್ಲ, ಬದಲಿಗೆ ತಂಡದಲ್ಲಿ ಹತ್ತೇ ಜನ. ಹತ್ತು ಜನಕ್ಕೂ ಪೂರ್ತಿ ಕೊಡಬಹುದು ಅನ್ನುವುದು ನಿಯಮ; ಕೊಡುತ್ತಾರಾ ಅನ್ನುವುದು ಬಜೆಟ್ಟು. ಹತ್ತೇ ಜಾಗ ಇದ್ದಾಗ ಕೋಚ್ ಹದಿನೆಂಟರ ಹುಡುಗನಿಗಿಂತ ಬೇರೆ ಕಾಲೇಜಿನಿಂದ ವರ್ಗವಾಗಿ ಬರುವ ಇಪ್ಪತ್ತೆರಡರ ಪಳಗಿದ ಆಟಗಾರನನ್ನೇ ಹುಡುಕುತ್ತಾರೆ. ನಿನ್ನ ನಿಜವಾದ ಪೈಪೋಟಿ ಅವನ ಜೊತೆ.

ಈಗ ವೀಸಾ. ವಿದ್ಯಾರ್ಥಿ ವೀಸಾ ಎಫ್-1ನಲ್ಲಿ ಕ್ಯಾಂಪಸ್ಸಿನೊಳಗೆ, ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಅದರಾಚೆಯ ಕೆಲಸಕ್ಕೆ ಅನುಮತಿ ಬೇಕು. ಹೊರಗಿನ ಅಂಗಡಿಗಾಗಿ ಇನ್‌ಸ್ಟಾಗ್ರಾಮ್‌ನಲ್ಲಿ ಪೋಸ್ಟ್ ಹಾಕಿ ದುಡ್ಡು ತೆಗೆದುಕೊಂಡರೆ ಅದು ಅನುಮತಿಯಿಲ್ಲದ ಕೆಲಸ ಅನ್ನಿಸಿಕೊಳ್ಳಬಹುದು. ನಗದಿನ ಬದಲು ಶೂ, ಕಾರು ಕೊಟ್ಟರೂ ಅದೇ ಅಪಾಯ. ಬೇಸಿಗೆಯಲ್ಲಿ ಹೊರಗಿನ ಕ್ಲಬ್ಬಿನಲ್ಲಿ ಮಕ್ಕಳಿಗೆ ಟೆನಿಸ್ ಹೇಳಿಕೊಡುವುದು, ಕಾಸಿಗೆ ಪರರ ರ್‍ಯಾಕೆಟ್ಟಿಗೆ ಸ್ಟ್ರಿಂಗ್ ಹಾಕುವುದು, ಇವನ್ನೂ ಅದೇ ಸಾಲಿಗೆ ಸೇರಿಸಿಕೋ. ಅಮೆರಿಕದ ಹುಡುಗರು ಇದನ್ನೆಲ್ಲ ಸಲೀಸಾಗಿ ಮಾಡುತ್ತಾರೆ, ನೋಡಿ ಮರುಳಾಗಬೇಡ.

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಕಾಲೇಜಿನ ಕ್ರೀಡಾ ವಿಭಾಗದಲ್ಲಿ ನಿಯಮಪಾಲನೆ ನೋಡುವ ಕಂಪ್ಲಯನ್ಸ್ ಆಫೀಸಿನವರು ‘ಓಕೆ’ ಅಂದರೆ ಅದು ಆಟದ ನಿಯಮಕ್ಕೆ ಓಕೆ. ವಲಸೆ ಇಲಾಖೆಗೆ ಆ ಓಕೆ ಲೆಕ್ಕಕ್ಕಿಲ್ಲ. ಆಟದ ನಿಯಮ ಮುರಿದರೆ ಕೆಲವು ಪಂದ್ಯ ಹೋಗುತ್ತೆ, ವೀಸಾ ನಿಯಮ ಮುರಿದರೆ ಓದೇ ಹೋಗುತ್ತೆ. ಅದಕ್ಕೇ ಎರಡು ಬಾಗಿಲು ತಟ್ಟು: ಕಂಪ್ಲಯನ್ಸ್ ಒಂದು, ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ವೀಸಾ ದಾಖಲೆ ನೋಡಿಕೊಳ್ಳುವ ಅಧಿಕಾರಿ ಡಿಎಸ್ಒ ಇನ್ನೊಂದು. ಇಬ್ಬರ ಉತ್ತರವೂ ಇಮೇಲ್‌ನಲ್ಲಿರಲಿ. ಕಾಲೇಜೇ ಕೊಡುವ ಪಾಲಾದರೂ ಅಷ್ಟೇ. ‘ಇದು ರಾಯಧನ, ಕೂಲಿಯಲ್ಲ’ ಅಂತ ಒಪ್ಪಂದದಲ್ಲಿ ಬರೆದುಕೊಟ್ಟರೂ ಸ್ವತಂತ್ರ ವಲಸೆ ವಕೀಲರಿಗೆ ತೋರಿಸದೆ ಸಹಿ ಬೇಡ.

ಒಂದು ದಾರಿ ಇದೆ. ಕಾಂಗೋದ ಆಸ್ಕರ್ ಶೀಬ್ವೆ ಕೆಂಟಕಿ ವಿಶ್ವವಿದ್ಯಾಲಯಕ್ಕೆ ಬಾಸ್ಕೆಟ್‌ಬಾಲ್ ಆಡುತ್ತಿದ್ದಾಗ, 2022ರಲ್ಲಿ ತಂಡ ಬಹಾಮಾಸ್‌ಗೆ ಹೋದ ಸಮಯದಲ್ಲಿ ಅಲ್ಲೇ ಜಾಹೀರಾತಿನ ಕೆಲಸ ಮುಗಿಸಿಕೊಂಡ. ನೀನೂ ರಜೆಗೆ ಊರಿಗೆ ಹೋದಾಗ ಬೆಂಗಳೂರಿನ ಕಂಪನಿಯ ಜೊತೆ ಕೆಲಸ ಮಾಡಿ, ಹಣವನ್ನು ಅಲ್ಲಿನ ಖಾತೆಗೇ ಹಾಕಿಸಿಕೊಳ್ಳಬಹುದೇ ಅಂತ ವಕೀಲರನ್ನು ಕೇಳು. ಅಮೆರಿಕಕ್ಕೆ ಮರಳಿದ ಮೇಲೆ ಆ ಒಪ್ಪಂದಕ್ಕಾಗಿ ಒಂದು ಪೋಸ್ಟನ್ನೂ ಹಾಕಬೇಡ. ಕಾಲೇಜು ಕ್ರೀಡೆಯ ಮೇಲ್ಮಟ್ಟವಾದ ಡಿವಿಷನ್ 1ನಲ್ಲಿ 600 ಡಾಲರ್ ಅಥವಾ ಮೇಲ್ಪಟ್ಟ ಹೊರಗಿನ ಒಪ್ಪಂದವನ್ನು ಸಹಿಯಾದ ಐದು ಕೆಲಸದ ದಿನಗಳೊಳಗೆ ‘ಎನ್ಐಎಲ್ ಗೋ’ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ದಾಖಲಿಸಬೇಕು. ಈಗ ಇದನ್ನು ನೋಡಿಕೊಳ್ಳುವುದು ಕಾಲೇಜ್ ಸ್ಪೋರ್ಟ್ಸ್ ಕಮಿಷನ್. ನಿಜವಾದ ವ್ಯಾಪಾರ ಇದೆಯಾ, ಮೊತ್ತ ಆಟಗಾರನ ಮಟ್ಟಕ್ಕೆ ಸರಿಯಾ ಅಂತ ಜಾಲಾಡುತ್ತಾರೆ. ಅಭಿಮಾನಿಗಳ ಗುಂಪು ಸುಮ್ಮನೆ ಕೊಡುವ ಚೆಕ್ಕು ಸಿಕ್ಕಿಬೀಳುವುದು ಇಲ್ಲೇ.

ಸೋಮ್‌ದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯಕ್ಕಾಗಿ 2007, 2008ರಲ್ಲಿ ಎನ್‌ಸಿಎಎ ಟೆನಿಸ್ ಸಿಂಗಲ್ಸ್ ಗೆದ್ದಾಗ ಅವನಿಗೂ ಪಕ್ಕದ ಅಮೆರಿಕದ ಹುಡುಗನಿಗೂ ಒಂದೇ ಕಟ್ಟಳೆ: ಇಬ್ಬರಿಗೂ ಚಿಕ್ಕಾಸಿಲ್ಲ. ಈಗ ಒಂದೇ ಬೆಂಚಿನಲ್ಲಿ ಕೂತವರಿಗೆ ಎರಡು ಕಾನೂನು. ಆಟಗಾರರಿಗೆ ದುಡ್ಡು ಸಿಕ್ಕಿದ್ದು ನ್ಯಾಯವೇ, ನಾನು ಬೇಡ ಅನ್ನುವುದಿಲ್ಲ. ಆದರೆ ಬೆವರು ನಮ್ಮ ಹುಡುಗರದ್ದೂ ತಾನೇ ಅಂತ ಪ್ರತಿ ಸಲ ಹೊಟ್ಟೆ ಉರಿಯುತ್ತೆ.

ಇನ್ನೊಂದು, ಯಾರೂ ಹೇಳದ್ದು. ಟೂರ್ನಿ ಓಡಾಟ ಜಾಸ್ತಿ ಅಂತ ಆಟಗಾರರಿಗೆ ಆನ್‌ಲೈನ್ ತರಗತಿ ಹಾಕಿಸುವ ಅಭ್ಯಾಸ ಇಲ್ಲಿದೆ. ಎಫ್-1ನವರಿಗೆ ಪೂರ್ಣಾವಧಿಯ 12 ಕ್ರೆಡಿಟ್ ಲೆಕ್ಕದಲ್ಲಿ ಒಂದು ಸೆಮಿಸ್ಟರಿಗೆ ಒಂದೇ ಆನ್‌ಲೈನ್ ತರಗತಿ, ಅಂದರೆ 3 ಕ್ರೆಡಿಟ್ ಮಾತ್ರ ನಡೆಯುತ್ತೆ. ತೆರಿಗೆಯದೂ ನೆನಪಿರಲಿ: ಸ್ಕಾಲರ್‌ಶಿಪ್‌ನಲ್ಲಿ ರೂಮು, ಊಟಕ್ಕೆ ಕೊಡುವ ಭಾಗದಿಂದ ಸಾಮಾನ್ಯವಾಗಿ ಶೇ. 14 ಮುರಿದುಕೊಳ್ಳುತ್ತಾರೆ. ವರ್ಷ ಮುಗಿದ ಮೇಲೆ ವಿದೇಶಿಯರ ತೆರಿಗೆ ಫಾರಂ 1040-ಎನ್ಆರ್ ತುಂಬುವಾಗ ಭಾರತದ ವಿದ್ಯಾರ್ಥಿಗಳಿಗೆ ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ ಇರುವ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಡಬೇಡ.

ಫೋನಿನ ಮಾತಿಗೆ ಬೆಲೆ ಕೊಡಬೇಡ. ಕಾಲೇಜು ಸೇರುವುದಾಗಿ ಆಟಗಾರ ಸಹಿ ಹಾಕುವ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಪದ್ಧತಿ 2024ರ ಅಕ್ಟೋಬರ್‌ನಲ್ಲೇ ಹೋಯಿತು. ಆರ್ಥಿಕ ನೆರವಿನ ಕರಾರು ಪತ್ರವೇ ಈಗ ಆಧಾರ. ಕೋಚ್‌ಗೆ ಇಷ್ಟನ್ನು ಬರೆದು ಕೇಳು: ಕಾಲೇಜು ರಾಜಿಗೆ ಸೇರಿದೆಯಾ, ನೆರವು ಒಂದು ವರ್ಷಕ್ಕಾ ನಾಲ್ಕಕ್ಕಾ, ಗಾಯವಾದರೆ, ಕೋಚ್ ಬದಲಾದರೆ ಏನು, ಆ ಎಂಟು ಸಾವಿರ ಯಾರ ಖಾತೆಯಿಂದ, ಯಾವ ಕೆಲಸಕ್ಕೆ, ನಡುವೆ ಬಿಟ್ಟರೆ ವಾಪಸ್ ಕಟ್ಟಬೇಕಾ. ವೀಸಾಕ್ಕೆ ಬೇಕಾದ ಐ-20 ದಾಖಲೆಯಲ್ಲಿ ಕಾಲೇಜು ಕೊಡುವುದಾಗಿ ಬರೆದ ಮೊತ್ತವೂ ಕರಾರು ಪತ್ರದ ಮೊತ್ತವೂ ತಾಳೆಯಾಗಬೇಕು. ಆ ಎಂಟು ಸಾವಿರವನ್ನು ಮಾತ್ರ ನಿಮ್ಮಪ್ಪ ಖರ್ಚಿನ ಲೆಕ್ಕಕ್ಕೆ ಸೇರಿಸದಿರಲಿ. ಅದಿಲ್ಲದೆ ನಾಲ್ಕು ವರ್ಷ ತೂಗಿಸಲು ಆಗುವುದಿಲ್ಲ ಅಂದರೆ, ಆಫರ್ ಕೊಟ್ಟ ಇನ್ನೊಂದು ಕಾಲೇಜಿನ ಜೊತೆ ಮಾತು ಮುರಿಯಬೇಡ.