ಎ.ಎ. ಕೂಟ ಮತಪ್ರಚಾರದ ಸಂಸ್ಥೆಯೇ? ಅದು ಹುಟ್ಟಿದ್ದು ಹೇಗೆ?

ನಿಮ್ಮ ಅಣ್ಣನಿಗೆ ವೈದ್ಯರು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಮೀಟಿಂಗಿಗೆ ಹೋಗಲು ಹೇಳಿದ್ದಾರೆ; ಮೀಟಿಂಗ್ ನಡೆಯುವುದು ಒಂದು ಚರ್ಚಿನ ಆವರಣದಲ್ಲಿ; ಅಲ್ಲಿ ಕೊಟ್ಟ ಹಾಳೆಯಲ್ಲಿ ದೇವರ ಹೆಸರು ಮತ್ತೆ ಮತ್ತೆ ಬರುತ್ತದೆ. ಹೀಗಿರುವಾಗ ಇದು ಮೂಲತಃ ಕ್ರೈಸ್ತ ಮತಪ್ರಚಾರದ ಸಂಸ್ಥೆಯೇ, ಇದು ಶುರುವಾದದ್ದು ಹೇಗೆ ಎಂದು ಕೇಳಿದ್ದೀರಿ. ನಾನು ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕನಾಗಿ ಕೆಲಸ ಮಾಡುತ್ತೇನೆ, ಎ.ಎ. ಸದಸ್ಯನಲ್ಲ. ಇದೇ ಪ್ರಶ್ನೆಯನ್ನು ಅನೇಕ ಕುಟುಂಬಗಳು ನನ್ನನ್ನು ಕೇಳಿವೆ. ಅದು ಒಂದು ಕ್ರೈಸ್ತ ಚಳವಳಿಯ ಮಡಿಲಲ್ಲೇ ಹುಟ್ಟಿತು, ಆದರೆ ಹುಟ್ಟಿ ನಾಲ್ಕೇ ವರ್ಷಗಳಲ್ಲಿ, ಬೇಕೆಂದೇ, ಅದರಿಂದ ಹೊರಬಂದಿತು ಎಂಬುದು ನನ್ನ ಚಿಕ್ಕ ಉತ್ತರ. ಹೊರಬಂದದ್ದು ಏಕೆ ಎಂಬುದರಲ್ಲಿಯೇ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಆ ಚಳವಳಿಯ ಹೆಸರು ಆಕ್ಸ್‌ಫರ್ಡ್ ಗ್ರೂಪ್. ಫ್ರಾಂಕ್ ಬುಕ್‌ಮನ್ ಎಂಬ ಅಮೆರಿಕದ ಲೂಥೆರನ್ ಪಾದ್ರಿ ಕಟ್ಟಿದ ಈ ಗುಂಪಿನವರು ಮನೆಗಳಲ್ಲಿ ಸೇರಿ, ತಮ್ಮ ತಪ್ಪುಗಳನ್ನು ಒಬ್ಬರ ಮುಂದೆ ಒಬ್ಬರು ಹೇಳಿಕೊಂಡು, ಕೆಡುಕು ಮಾಡಿದವರ ಬಳಿ ಹೋಗಿ ಅದನ್ನು ಸರಿಪಡಿಸಿಕೊಂಡು, ದೇವರ ಮಾರ್ಗದರ್ಶನಕ್ಕಾಗಿ ಮೌನವಾಗಿ ಕಾಯುತ್ತಿದ್ದರು. ಕುಡಿತ ಅವರ ಮುಖ್ಯ ಕಾಳಜಿಯೇ ಆಗಿರಲಿಲ್ಲ, ಆದರೂ ಕೆಲವು ಕುಡುಕರು ಅಲ್ಲಿಗೆ ಸೇರಿ ಕುಡಿತ ಬಿಟ್ಟಿದ್ದರು. ಅಂಥವರಲ್ಲಿ ಒಬ್ಬ ರೋಡ್ ಐಲೆಂಡಿನ ಶ್ರೀಮಂತ ಮನೆತನದ ರೋಲಂಡ್ ಹಜಾರ್ಡ್. ಆತ ಜ್ಯೂರಿಕ್‌ನಲ್ಲಿ ಮನೋವಿಜ್ಞಾನಿ ಕಾರ್ಲ್ ಯೂಂಗ್ ಅವರಿಂದ ಚಿಕಿತ್ಸೆ ಪಡೆದು ಮತ್ತೆ ಕುಡಿತಕ್ಕೆ ಬಿದ್ದಾಗ, ವೈದ್ಯಶಾಸ್ತ್ರದಿಂದ ಇನ್ನು ಏನೂ ಆಗದು, ಆಳವಾದ ಆಧ್ಯಾತ್ಮಿಕ ಪರಿವರ್ತನೆಯೊಂದೇ ದಾರಿ ಎಂದು ಯೂಂಗ್ ನೇರವಾಗಿ ಹೇಳಿದರಂತೆ. ಬಹಳ ವರ್ಷಗಳ ನಂತರ, 1961ರ ಜನವರಿಯಲ್ಲಿ, ಎ.ಎ. ಸ್ಥಾಪಕರಲ್ಲಿ ಒಬ್ಬರು ಯೂಂಗ್ ಅವರಿಗೆ ಪತ್ರ ಬರೆದು ಈ ಮಾತಿಗಾಗಿ ಕೃತಜ್ಞತೆ ಹೇಳಿದರು. ಯೂಂಗ್ ಆ ರೋಗಿಯನ್ನು ನೆನಪಿಸಿಕೊಂಡು ಉತ್ತರವನ್ನೂ ಬರೆದರು.

ಹಜಾರ್ಡ್‌ನಿಂದ ಈ ವಿಚಾರ ಎಬಿ ಥ್ಯಾಚರ್ ಎಂಬ ಇನ್ನೊಬ್ಬ ಕುಡುಕನಿಗೆ ತಲುಪಿತು. ಎಬಿ 1934ರ ನವೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ತನ್ನ ಹಳೆಯ ಗೆಳೆಯ ಬಿಲ್ ವಿಲ್ಸನ್‌ನ ಮನೆಗೆ ಹೋದ. ಬಿಲ್ ಆಗ ಮೂವತ್ತೊಂಬತ್ತರ ಹತ್ತಿರದವನು. ವಾಲ್ ಸ್ಟ್ರೀಟಿನಲ್ಲಿ ಕಂಪನಿಗಳ ಷೇರುಗಳನ್ನು ಅಳೆದು ತೂಗುವ ಕೆಲಸದಲ್ಲಿ ಹೆಸರು ಮಾಡಿದ್ದವನು, ಕುಡಿತದಿಂದ ಎಲ್ಲವನ್ನೂ ಕಳೆದುಕೊಂಡು ಹೆಂಡತಿ ಲೋಯಿಸ್‌ಳ ದುಡಿಮೆಯಲ್ಲಿ ಬದುಕುತ್ತಿದ್ದ. ಡಿಸೆಂಬರ್ 11ರಂದು ಆತ ಟೌನ್ಸ್ ಆಸ್ಪತ್ರೆಗೆ ಕೊನೆಯ ಬಾರಿಗೆ ದಾಖಲಾದ. ಅಲ್ಲಿ ಒಂದು ದಿನ ಕೋಣೆಯೆಲ್ಲ ಬೆಳಕಿನಿಂದ ತುಂಬಿದಂಥ ಅನುಭವ ಅವನಿಗಾಯಿತು. ತನಗೆ ಹುಚ್ಚು ಹಿಡಿದಿರಬೇಕೆಂದು ಹೆದರಿದ ಅವನಿಗೆ, ಇದು ಹುಚ್ಚಲ್ಲ, ಸಿಕ್ಕಿದ್ದನ್ನು ಹಿಡಿದುಕೋ ಎಂಬ ಅರ್ಥದ ಧೈರ್ಯ ಹೇಳಿದವರು ಅಲ್ಲಿನ ವೈದ್ಯ ವಿಲಿಯಂ ಸಿಲ್ಕ್‌ವರ್ತ್. ಬಿಲ್ ಮತ್ತೆಂದೂ ಕುಡಿಯಲಿಲ್ಲ. (ಆಗ ಆ ಆಸ್ಪತ್ರೆಯಲ್ಲಿ ಬೆಲಡೋನಾ ಎಂಬ, ಭ್ರಮೆ ಹುಟ್ಟಿಸಬಲ್ಲ ಗಿಡಮೂಲಿಕೆ ಬೆರೆತ ಔಷಧ ಕೊಡುತ್ತಿದ್ದರು, ಬೆಳಕು ಕಂಡದ್ದು ಔಷಧದಿಂದಲೇ ಎಂದು ವಾದಿಸುವವರೂ ಇದ್ದಾರೆ.)

ಎ.ಎ. ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಈ ಬೆಳಕಿನ ಘಟನೆಯನ್ನು ದೊಡ್ಡದು ಮಾಡುತ್ತಾರೆ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಮುಂದಿನ ಐದು ತಿಂಗಳುಗಳ ಸೋಲು. ಉತ್ಸಾಹದಿಂದ ಬೀಗುತ್ತಿದ್ದ ಬಿಲ್ ಆಸ್ಪತ್ರೆಯ ಹಾಸಿಗೆಗಳ ಬಳಿ, ಆಕ್ಸ್‌ಫರ್ಡ್ ಗ್ರೂಪಿನ ಆಶ್ರಯಧಾಮದಲ್ಲಿ ಸಿಕ್ಕ ಸಿಕ್ಕ ಕುಡುಕರಿಗೆ ತನ್ನ ದೈವಾನುಭವದ ಬಗ್ಗೆ ಉಪದೇಶ ಮಾಡಿದ, ಹಲವರನ್ನು ಮನೆಗೂ ಕರೆತಂದ. ಅವರಲ್ಲಿ ಒಬ್ಬನೂ ಕುಡಿತ ಬಿಡಲಿಲ್ಲ. ಉಪದೇಶ ನಿಲ್ಲಿಸು, ಮೊದಲು ಅವರಿಗೆ ಕಾಯಿಲೆಯ ಸ್ವರೂಪ ತಿಳಿಸು ಎಂದು ಸಿಲ್ಕ್‌ವರ್ತ್ ಹೇಳಿದರು. ಅವರ ಪ್ರಕಾರ ಮದ್ಯವ್ಯಸನವು ನೈತಿಕ ದೌರ್ಬಲ್ಯವಲ್ಲ, ದೇಹದ ಒಂದು ಬಗೆಯ ಅಲರ್ಜಿ ಮತ್ತು ಮನಸ್ಸಿನ ಬಿಡದ ಗೀಳು ಎರಡೂ ಕೂಡಿದ ರೋಗ. ಅಲರ್ಜಿಯ ಸಿದ್ಧಾಂತವನ್ನು ಇಂದಿನ ವೈದ್ಯರು ಹಾಗೆಯೇ ಒಪ್ಪುವುದಿಲ್ಲ, ಆದರೆ ಕುಡುಕನನ್ನು ಪಾಪಿಯೆಂದು ಕಾಣದೆ ರೋಗಿಯೆಂದು ಕಾಣುವ ನೋಟ ಅಂದಿನ ಮಟ್ಟಿಗೆ ದೊಡ್ಡ ಮಾತಾಗಿತ್ತು. ಅಮೆರಿಕದಲ್ಲಿ ಪಾನನಿಷೇಧ ರದ್ದಾಗಿ ಆಗಿನ್ನೂ ಎರಡು ವರ್ಷವೂ ತುಂಬಿರಲಿಲ್ಲ ಎಂಬುದನ್ನು ನೆನಪಿಡಬೇಕು.

1935ರ ಮೇ ತಿಂಗಳಲ್ಲಿ ಬಿಲ್ ಒಂದು ಕಂಪನಿಯ ಆಡಳಿತವನ್ನು ಕೈವಶ ಮಾಡಿಕೊಳ್ಳುವ ವ್ಯವಹಾರಕ್ಕಾಗಿ ಒಹಾಯೊ ರಾಜ್ಯದ, ಟೈರ್ ಕಾರ್ಖಾನೆಗಳಿಗೆ ಹೆಸರಾದ ಆಕ್ರನ್ ನಗರಕ್ಕೆ ಹೋದ. ವ್ಯವಹಾರ ಕೈಕೊಟ್ಟಿತು. ಶನಿವಾರ ಸಂಜೆ ಮೇಫ್ಲವರ್ ಹೋಟೆಲಿನ ಮೊಗಸಾಲೆಯಲ್ಲಿ, ಜೇಬಿನಲ್ಲಿ ಹೆಚ್ಚು ಹಣವಿಲ್ಲದೆ ಒಂಟಿಯಾಗಿ ನಿಂತಿದ್ದಾಗ, ಪಕ್ಕದ ಬಾರಿನ ಗದ್ದಲ ಅವನನ್ನು ಎಳೆಯತೊಡಗಿತು. ನ್ಯೂಯಾರ್ಕಿನಲ್ಲಿ ತಾನು ಯಾರನ್ನೂ ಬಿಡಿಸಲಾಗದಿದ್ದರೂ, ಇನ್ನೊಬ್ಬ ಕುಡುಕನೊಡನೆ ಮಾತಾಡುತ್ತಿದ್ದಷ್ಟು ಕಾಲ ತಾನು ಕುಡಿದಿರಲಿಲ್ಲ ಎಂಬುದು ಅವನಿಗೆ ಹೊಳೆದದ್ದು ಆಗ. ಆತ ಬಾರಿಗೆ ಹೋಗಲಿಲ್ಲ. ಮೊಗಸಾಲೆಯಲ್ಲಿ ತೂಗುಹಾಕಿದ್ದ ಚರ್ಚುಗಳ ಪಟ್ಟಿ ನೋಡಿ ಒಬ್ಬ ಪಾದ್ರಿಗೆ ಫೋನ್ ಮಾಡಿ, ತನಗೆ ಮಾತಾಡಲು ಒಬ್ಬ ಕುಡುಕ ಬೇಕು ಎಂದ. ಆ ಪಾದ್ರಿ ಕೊಟ್ಟ ಹೆಸರುಗಳ ಜಾಡು ಹಿಡಿದು, ಕೊನೆಗೆ ಗುಡ್‌ಇಯರ್ ಟೈರ್ ಕಂಪನಿಯ ಸ್ಥಾಪಕನ ಸೊಸೆ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆಯನ್ನು ಮುಟ್ಟಿದ. ಆಕ್ಸ್‌ಫರ್ಡ್ ಗ್ರೂಪಿನ ಸದಸ್ಯೆಯಾಗಿದ್ದ ಆಕೆಗೆ ಡಾ. ರಾಬರ್ಟ್ ಸ್ಮಿತ್, ಮುಂದೆ ಎಲ್ಲರ ಬಾಯಲ್ಲಿ ಡಾ. ಬಾಬ್ ಆದ ಶಸ್ತ್ರವೈದ್ಯ, ಚೆನ್ನಾಗಿ ಗೊತ್ತಿದ್ದರು. ಅಂದು ಡಾ. ಬಾಬ್ ಏಳಲಾರದಷ್ಟು ಕುಡಿದಿದ್ದರಿಂದ ಭೇಟಿ ಮರುದಿನಕ್ಕೆ, ಮೇ 12ರ ಭಾನುವಾರಕ್ಕೆ, ನಿಗದಿಯಾಯಿತು.

ಇಲ್ಲಿ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಸಂಗತಿಯೊಂದಿದೆ. ಡಾ. ಬಾಬ್ ಆ ಹೊತ್ತಿಗಾಗಲೇ ಎರಡು ಎರಡೂವರೆ ವರ್ಷಗಳಿಂದ ಆಕ್ಸ್‌ಫರ್ಡ್ ಗ್ರೂಪಿನ ಕೂಟಗಳಿಗೆ ಹೋಗುತ್ತಿದ್ದರು, ಪ್ರಾರ್ಥಿಸುತ್ತಿದ್ದರು, ಧರ್ಮಗ್ರಂಥಗಳನ್ನು ಓದುತ್ತಿದ್ದರು, ಮತ್ತು ಮನೆಗೆ ಬಂದು ಕುಡಿಯುತ್ತಲೂ ಇದ್ದರು. ದೇವರ ಮಾತು ಅವರಿಗೆ ಹೊಸದೇನಾಗಿರಲಿಲ್ಲ. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ ಎಂದು ಹೆಂಡತಿಯಿಂದ ಮಾತು ತೆಗೆದುಕೊಂಡು ಬಂದ ಅವರು, ಸಂಜೆ ಐದಕ್ಕೆ ಬಿಲ್ ಜೊತೆ ಕುಳಿತವರು, ರಾತ್ರಿ ಹನ್ನೊಂದು ಕಳೆದ ಮೇಲೆ ಎದ್ದರು. ಬಿಲ್ ಅಂದು ಉಪದೇಶ ಮಾಡಲಿಲ್ಲ. ತನ್ನ ಕುಡಿತದ ಕಥೆಯನ್ನು ಹೇಳಿದ, ಮತ್ತು ನಿಮ್ಮ ಸಹಾಯ ನನಗೆ ಬೇಕು ಎಂದ. ಮದ್ಯವ್ಯಸನದ ಬಗ್ಗೆ ಸ್ವಂತ ಅನುಭವದಿಂದ, ತಿಳಿದು ಮಾತಾಡಿದ ಮೊದಲ ಮನುಷ್ಯ ಈತನೇ ಎಂದು ಡಾ. ಬಾಬ್ ಮುಂದೆ ದಾಖಲಿಸಿದ್ದಾರೆ. ವೈದ್ಯಕೀಯ ಸಮ್ಮೇಳನಕ್ಕೆಂದು ಅಟ್ಲಾಂಟಿಕ್ ಸಿಟಿಗೆ ಹೋದಾಗ ಅವರು ಒಮ್ಮೆ ಮತ್ತೆ ಜಾರಿದರು. ಹಿಂದಿರುಗಿದ ಮೇಲೆ ಕೊನೆಯ ಗುಟುಕು ಕುಡಿದ ದಿನವೆಂದು ಗುರುತಿಸಲಾದ 1935ರ ಜೂನ್ 10ನ್ನೇ ಎ.ಎ. ತನ್ನ ಹುಟ್ಟುಹಬ್ಬವೆಂದು ಆಚರಿಸುತ್ತದೆ. ಆ ಸಮ್ಮೇಳನದ ತಾರೀಖುಗಳನ್ನು ಪರಿಶೀಲಿಸಿದ ಕೆಲವರು, ನಿಜವಾದ ದಿನ ಅದಕ್ಕಿಂತ ಸುಮಾರು ಒಂದು ವಾರ ತಡವಾಗಿರಬೇಕು ಎನ್ನುತ್ತಾರೆ.

ಅದೇ ತಿಂಗಳ ಕೊನೆಯಲ್ಲಿ ಇಬ್ಬರೂ ಆಕ್ರನ್ ಸಿಟಿ ಆಸ್ಪತ್ರೆಯಲ್ಲಿ ಬಿಲ್ ಡಾಟ್ಸನ್ ಎಂಬ ವಕೀಲನ ಹಾಸಿಗೆಯ ಬಳಿ ಹೋಗಿ ಕುಳಿತರು. ಆರು ತಿಂಗಳಲ್ಲಿ ಎಂಟು ಬಾರಿ ಆಸ್ಪತ್ರೆ ಸೇರಿದ್ದ ಈತನೂ ಚರ್ಚಿಗೆ ಹೋಗುತ್ತಿದ್ದವನೇ, ದೇವರನ್ನು ನಂಬಿದವನೇ. ಅವನಲ್ಲಿ ಇಲ್ಲದಿದ್ದುದು ನಂಬಿಕೆಯಲ್ಲ, ತನ್ನ ಸ್ಥಿತಿಯಲ್ಲೇ ಇದ್ದು ಹೊರಬಂದವರ ಪರಿಚಯ. ಜುಲೈ 4ರಂದು ಆಸ್ಪತ್ರೆಯಿಂದ ಹೊರಬಂದ ಅವನು ಎ.ಎ.ಯ ಮೂರನೆಯ ಸದಸ್ಯನೆನಿಸಿಕೊಂಡ.

ಮುಂದಿನ ಎರಡು ವರ್ಷಗಳಲ್ಲಿ ಆಕ್ರನ್ ಮತ್ತು ನ್ಯೂಯಾರ್ಕಿನಲ್ಲಿ ಹೀಗೆ ಕುಡಿತ ಬಿಟ್ಟವರು ಸುಮಾರು ನಲವತ್ತು ಮಂದಿಯಾದರು. ಅವರು ಇನ್ನೂ ಆಕ್ಸ್‌ಫರ್ಡ್ ಗ್ರೂಪಿನ ಒಳಗಿನ ಒಂದು ಗುಂಪೇ ಆಗಿದ್ದರು, ಪ್ರತ್ಯೇಕ ಹೆಸರೂ ಇರಲಿಲ್ಲ. ಬಿರುಕು ಬಿಟ್ಟದ್ದು ಹಲವು ಕಡೆಯಿಂದ. ಸಂಪೂರ್ಣ ಪ್ರಾಮಾಣಿಕತೆ, ಸಂಪೂರ್ಣ ಪರಿಶುದ್ಧತೆ ಎಂಬ ಆಕ್ಸ್‌ಫರ್ಡ್ ಗ್ರೂಪಿನ ಪರಮಾದರ್ಶಗಳು, ಇವತ್ತು ಒಂದು ದಿನ ಕುಡಿಯದಿದ್ದರೆ ಸಾಕು ಎಂದುಕೊಳ್ಳುವ ಮನುಷ್ಯನಿಗೆ ಎಟುಕುವಂಥವಲ್ಲ. ಆ ಗುಂಪಿಗೆ ಪ್ರಸಿದ್ಧರ ಹೆಸರು ಮತ್ತು ಪ್ರಚಾರ ಬೇಕಿತ್ತು. ಕುಡುಕರಿಗೆ ಹೆಸರು ಹೊರಬೀಳದಿರುವುದು ಬೇಕಿತ್ತು, ಏಕೆಂದರೆ ಹೊರಬಿದ್ದರೆ ನೌಕರಿ ಹೋಗುತ್ತಿತ್ತು. 1936ರಲ್ಲಿ ಬುಕ್‌ಮನ್ ಪತ್ರಿಕೆಯೊಂದರ ಸಂದರ್ಶನದಲ್ಲಿ ಹಿಟ್ಲರನನ್ನು ಮೆಚ್ಚಿ ಮಾತಾಡಿ ದೊಡ್ಡ ವಿವಾದಕ್ಕೆ ಸಿಕ್ಕಿಕೊಂಡರು. ಇನ್ನು ಕ್ಯಾಥೊಲಿಕರಿಗೆ, ಪ್ರೊಟೆಸ್ಟಂಟ್ ಮೂಲದ ಈ ಗುಂಪಿನ ಕೂಟಗಳಲ್ಲಿ ಭಾಗವಹಿಸುವುದಕ್ಕೆ ತಮ್ಮ ಚರ್ಚಿನಿಂದಲೇ ವಿರೋಧವಿತ್ತು. ನ್ಯೂಯಾರ್ಕಿನವರು 1937ರಲ್ಲಿ ಬೇರೆಯಾದರು. ಕ್ಲೀವ್‌ಲ್ಯಾಂಡಿನಿಂದ ಆಕ್ರನ್‌ಗೆ ಬರುತ್ತಿದ್ದವರಲ್ಲಿ ಹಲವರು ಕ್ಯಾಥೊಲಿಕರಾಗಿದ್ದರಿಂದ, ಕ್ಲಾರೆನ್ಸ್ ಸ್ನೈಡರ್ ಎಂಬಾತನ ಮುಂದಾಳ್ತನದಲ್ಲಿ ಅವರು 1939ರ ಮೇ 11ರಂದು ಸ್ವತಂತ್ರವಾಗಿ ಸೇರಿ, ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಹೆಸರನ್ನೇ ಇಟ್ಟುಕೊಂಡು ನಡೆದ ಮೊದಲ ಗುಂಪಾದರು. ಅದೇ ವರ್ಷದ ಕೊನೆಗೆ ಆಕ್ರನ್‌ನವರೂ ಹೊರಬಂದರು. ಆ ವರ್ಷದ ಆಗಸ್ಟಿನಿಂದಲೇ ಪ್ರೊಟೆಸ್ಟಂಟನಾದ ಡಾ. ಬಾಬ್, ಸಿಸ್ಟರ್ ಇಗ್ನೇಷಿಯಾ ಎಂಬ ಕ್ಯಾಥೊಲಿಕ್ ಸನ್ಯಾಸಿನಿಯ ಜೊತೆಗೂಡಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮದ್ಯವ್ಯಸನಿಗಳಿಗೆ ಚಿಕಿತ್ಸೆ ಕೊಡತೊಡಗಿದ್ದರು.

ನಿಮ್ಮ ಕೈಗೆ ಬಂದ ಹಾಳೆಯಲ್ಲಿನ ಹನ್ನೆರಡು ಹೆಜ್ಜೆಗಳು, ಅಂದರೆ ಕುಡಿತದಿಂದ ಹೊರಬರಲು ಎ.ಎ. ಸದಸ್ಯರು ಅನುಸರಿಸುವ ಹನ್ನೆರಡು ಅಂಶಗಳು, ಈ ಬೇರ್ಪಡುವಿಕೆಯ ನಡುವೆಯೇ, 1938ರ ಡಿಸೆಂಬರಿನಲ್ಲಿ, ಬಿಲ್ ಬರೆದವು. ಕೂಟಕ್ಕೆ ಹೆಸರು ಕೊಟ್ಟ, 1939ರ ಏಪ್ರಿಲ್‌ನಲ್ಲಿ ಬಂದ ಪುಸ್ತಕಕ್ಕಾಗಿ. ಕರಡನ್ನು ಓದಿದಾಗ ನ್ಯೂಯಾರ್ಕ್ ಗುಂಪಿನಲ್ಲಿ ಜಗಳವೇ ಎದ್ದಿತು. ಪಾದ್ರಿಯ ಮಗನಾಗಿದ್ದ ಫಿಟ್ಜ್ ಮೇಯೊ ಪುಸ್ತಕ ನೇರವಾಗಿ ಕ್ರೈಸ್ತ ಸಿದ್ಧಾಂತವನ್ನೇ ಹೇಳಬೇಕೆಂದ. ದೇವರನ್ನು ನಂಬದ ಜಿಮ್ ಬರ್ವೆಲ್ ಮತ್ತು ಅವನ ಪಕ್ಷದವರು ದೇವರ ಹೆಸರೇ ಬೇಡವೆಂದರು. ಕೊನೆಗೆ ಎರಡನೆಯ ಹೆಜ್ಜೆಯಲ್ಲಿ ‘ನಮಗಿಂತ ಹಿರಿದಾದ ಶಕ್ತಿ’ ಎಂದೂ, ಮೂರು ಮತ್ತು ಹನ್ನೊಂದರಲ್ಲಿ ‘ನಾವು ಅರಿತುಕೊಂಡಂತೆ ದೇವರು’ ಎಂದೂ ಬಂತು. ಏಳನೆಯದರಲ್ಲಿದ್ದ ‘ಮೊಣಕಾಲೂರಿ’ ಎಂಬ ಮಾತನ್ನು ಹೊಡೆದುಹಾಕಿದರು. ಇಡೀ ಹನ್ನೆರಡನ್ನೂ ಕಟ್ಟಳೆಯಾಗಿಸದೆ ಸಲಹೆ ಎಂದು ಕರೆದರು. ಕ್ರಿಸ್ತನ ಹೆಸರು ಅವುಗಳಲ್ಲಿ ಎಲ್ಲಿಯೂ ಇಲ್ಲ. ತಪ್ಪೊಪ್ಪಿಗೆ, ಪರಿಹಾರ, ಪ್ರಾರ್ಥನೆಗಳ ಹಿಂದೆ ಆಕ್ಸ್‌ಫರ್ಡ್ ಗ್ರೂಪಿನ ನೆರಳು ಇರುವುದು ಮಾತ್ರ ನಿಜ, ಅದನ್ನು ಎ.ಎ. ಎಂದೂ ಮುಚ್ಚಿಟ್ಟಿಲ್ಲ. ದೇವರ ಪದ ಇಷ್ಟು ಬಾರಿ ಬರುವುದು ನಾಸ್ತಿಕರಿಗೆ ಇಂದಿಗೂ ತೊಡಕಾಗಿದೆ ಎಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಕಡೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ನಡೆಸುವ ಮದ್ಯವರ್ಜನ ಶಿಬಿರಗಳಲ್ಲಿ ಭಜನೆ ಇರುತ್ತದೆ. ಭಜನೆ ಇದೆ ಎಂಬ ಕಾರಣಕ್ಕೆ ಆ ಶಿಬಿರವನ್ನು ಮತಪ್ರಚಾರ ಎನ್ನುವವರನ್ನು ನಾನು ಕಂಡಿಲ್ಲ.

ಮತಪ್ರಚಾರದ ಅನುಮಾನ ಬಂದಾಗ ಹಣ ಎಲ್ಲಿಂದ ಬರುತ್ತದೆ ಎಂದು ನೋಡುವುದು ಒಳ್ಳೆಯದು. 1937ರ ಕೊನೆಯಲ್ಲಿ ಬಿಲ್ ಮತ್ತು ಗೆಳೆಯರು ಆಸ್ಪತ್ರೆಗಳು, ಸಂಬಳದ ಕಾರ್ಯಕರ್ತರು ಎಂದೆಲ್ಲ ಕನಸು ಕಟ್ಟಿಕೊಂಡು ಕೋಟ್ಯಧೀಶ ಜಾನ್ ಡಿ. ರಾಕೆಫೆಲರ್ ಜೂನಿಯರ್ ಅವರ ಬಳಗವನ್ನು ಕಂಡರು. ಪರಿಶೀಲನೆಗೆ ಆಕ್ರನ್‌ಗೆ ಹೋಗಿಬಂದ ಫ್ರಾಂಕ್ ಏಮೋಸ್ ಐವತ್ತು ಸಾವಿರ ಡಾಲರಿಗೆ ಶಿಫಾರಸು ಮಾಡಿದರೂ ರಾಕೆಫೆಲರ್ ಕೊಟ್ಟದ್ದು ಐದು ಸಾವಿರ; ಹೆಚ್ಚಿನ ಹಣ ಈ ಕೆಲಸವನ್ನು ಕೆಡಿಸೀತು ಎಂಬುದು ಅವರ ಅಭಿಪ್ರಾಯವಾಗಿತ್ತು. ಅದರಲ್ಲಿ ದೊಡ್ಡ ಭಾಗ ಡಾ. ಬಾಬ್ ಮನೆಯ ಸಾಲ ತೀರಿಸಲು ಹೋಯಿತು. ಬಿಲ್ ದಂಪತಿಗಳಂತೂ 1939ರಲ್ಲಿ ಸಾಲಕ್ಕೆ ಮನೆ ಕಳೆದುಕೊಂಡು ಸುಮಾರು ಎರಡು ವರ್ಷ ಪರಿಚಿತರ ಮನೆಗಳಲ್ಲಿ ಕಾಲ ಕಳೆದರು. ಅಂದಿನ ಆ ನಿರಾಸೆಯೇ ಮುಂದೆ ನಿಯಮವಾಯಿತು: ಹೊರಗಿನವರಿಂದ ದೇಣಿಗೆ ಪಡೆಯುವುದಿಲ್ಲ, ಸದಸ್ಯರು ಮೀಟಿಂಗಿನಲ್ಲಿ ತಮಗೆ ತೋಚಿದ್ದನ್ನು ಹಾಕುತ್ತಾರೆ, ಅದರಿಂದಲೇ ಕೋಣೆಯ ಬಾಡಿಗೆ, ಚಹಾ. ಚರ್ಚುಗಳ ಸಭಾಂಗಣ ಸಂಜೆಯ ಹೊತ್ತು ಖಾಲಿ ಇದ್ದು ಕಡಿಮೆ ಬಾಡಿಗೆಗೆ ಸಿಗುವುದರಿಂದ ಅಲ್ಲಿ ಸೇರುತ್ತಾರೆ. ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ ಸೇರುವ ಗುಂಪುಗಳೂ ಬೇಕಾದಷ್ಟಿವೆ.

1941ರ ಮಾರ್ಚ್ 1ರ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಜ್ಯಾಕ್ ಅಲೆಕ್ಸಾಂಡರ್ ಬರೆದ ಲೇಖನದ ನಂತರ, ಎರಡು ಸಾವಿರದಷ್ಟಿದ್ದ ಸದಸ್ಯರು ಆ ವರ್ಷದ ಕೊನೆಗೆ ಎಂಟು ಸಾವಿರವಾದರು. ಗುಂಪುಗಳು ಹೆಚ್ಚಿದಂತೆ ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬ ವ್ಯಾಜ್ಯಗಳೂ ಹೆಚ್ಚಿದವು. ನೂರು ವರ್ಷ ಹಿಂದೆ, 1840ರಲ್ಲಿ, ಬಾಲ್ಟಿಮೋರಿನ ಆರು ಮಂದಿ ಕುಡುಕರು ಕಟ್ಟಿದ ವಾಷಿಂಗ್ಟೋನಿಯನ್ ಎಂಬ ಸಂಘ ಇದೇ ರೀತಿ ಭರದಿಂದ ಬೆಳೆದು, ಪಾನನಿಷೇಧದ ರಾಜಕೀಯ ಮತ್ತು ಒಳಜಗಳಗಳಿಗೆ ಸಿಕ್ಕಿ ಕೆಲವೇ ವರ್ಷಗಳಲ್ಲಿ ಕರಗಿಹೋಗಿತ್ತು. ಅದರ ಪಾಠವೂ ಬಿಲ್‌ನ ಕಣ್ಣ ಮುಂದಿತ್ತು. 1946ರಲ್ಲಿ ಬರೆದು 1950ರಲ್ಲಿ ಕ್ಲೀವ್‌ಲ್ಯಾಂಡಿನ ಸಮ್ಮೇಳನ ಒಪ್ಪಿಕೊಂಡ ಹನ್ನೆರಡು ಸಂಪ್ರದಾಯಗಳ ಪ್ರಕಾರ, ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಸದಸ್ಯತ್ವಕ್ಕೆ ಸಾಕು, ಮತ್ತು ಹೊರಗಿನ ಯಾವ ವಿವಾದದಲ್ಲಿಯೂ, ಧರ್ಮವಿರಲಿ ರಾಜಕೀಯವಿರಲಿ, ಎ.ಎ.ಗೆ ಅಭಿಪ್ರಾಯವಿಲ್ಲ. ಪಾನನಿಷೇಧ ಬೇಕೋ ಬೇಡವೋ ಎಂದು ಕೇಳಿದರೂ ಅವರು ಉತ್ತರಿಸುವುದಿಲ್ಲ. ಆ ಸಮ್ಮೇಳನದಲ್ಲಿ ಕಾಣಿಸಿಕೊಂಡ ಡಾ. ಬಾಬ್ ಅದೇ ವರ್ಷದ ನವೆಂಬರಿನಲ್ಲಿ ತೀರಿಕೊಂಡರು. ಬಿಲ್ 1971ರವರೆಗೆ ಬದುಕಿದ್ದ.

ಇಷ್ಟು ಓದಿದ ಮೇಲೂ ಅನುಮಾನ ಉಳಿದರೆ ಮುಕ್ತ ಮೀಟಿಂಗ್ ಯಾವ ದಿನ ಎಂದು ಕೇಳಿಕೊಂಡು ನೀವೇ ಅಣ್ಣನ ಜೊತೆ ಹೋಗಿ ಕುಳಿತುಬನ್ನಿ. ಅಂಥ ಮೀಟಿಂಗಿಗೆ ಕುಟುಂಬದವರು ಬರಬಹುದು. ಕುಟುಂಬದವರಿಗೆಂದೇ ಅಲ್-ಅನಾನ್ ಎಂಬ ಬೇರೆಯ ಕೂಟವೂ ಇದೆ. ಬಿಲ್ ಕುಡಿತ ಬಿಟ್ಟ ಹೊಸತರಲ್ಲಿ ಒಂದು ಭಾನುವಾರ, ಮೀಟಿಂಗಿಗೆ ತಡವಾಗುತ್ತದೆ ಬೇಗ ಹೊರಡು ಎಂದು ಅವನು ಅವಸರ ಮಾಡಿದಾಗ, ಲೋಯಿಸ್ ಸಿಟ್ಟಿನಿಂದ ಕೈಗೆ ಸಿಕ್ಕ ಷೂ ಎಸೆದಳಂತೆ. ಗಂಡ ಗುಣವಾದ ಮೇಲೂ ತನಗೆ ಇಷ್ಟು ಕೋಪ ಏಕೆ ಎಂದು ಯೋಚಿಸತೊಡಗಿದ ಆಕೆಯೇ, ಇನ್ನೊಬ್ಬ ಸದಸ್ಯನ ಹೆಂಡತಿಯ ಜೊತೆ ಸೇರಿ, 1951ರಲ್ಲಿ ಅದನ್ನು ಕಟ್ಟಿದ್ದು.