ತವರಲ್ಲಿ ಈಗ ಯಾರಿದ್ದಾರೆ ಅಂತ ಹೋಗೋದು?

ಪ್ರಶ್ನೆ: ನನ್ನ ತವರು ಶಿರಸಿ ಹತ್ತಿರದ ಒಂದು ಹಳ್ಳಿ. ಮದುವೆಯಾಗಿ ಕುಮಟೆಗೆ ಬಂದವಳು. ಅಪ್ಪಯ್ಯ ಮೊದಲೇ ಹೋಗಿದ್ದರು, ಕಳೆದ ಮಳೆಗಾಲದಲ್ಲಿ ಆಯಿಯೂ ಹೋದಳು. ಅಣ್ಣ ಬೆಂಗಳೂರಿನಲ್ಲಿದ್ದಾನೆ. ಮನೆಗೆ ಬೀಗ, ತೋಟ ಪಕ್ಕದವರು ನೋಡಿಕೊಳ್ಳುತ್ತಾರೆ. ಮುಂದಿನ ಶಿರಸಿ ಮಾರಿಜಾತ್ರೆಗೆ ನಾಲ್ಕು ದಿನ ನಮ್ಮ ಮನೆಯಲ್ಲಿ ಇದ್ದು ಬರೋಣ ಅಂದೆ. "ಅಲ್ಲಿ ಈಗ ಯಾರಿದ್ದಾರೆ? ಬೆಳಿಗ್ಗೆ ಹೋಗಿ ಜಾತ್ರೆ ನೋಡಿ ಸಂಜೆ ಬಂದರಾಯ್ತು" ಅಂದರು ಯಜಮಾನರು. ಅವರು ಒಳ್ಳೆಯವರು, ಬೈದು ಹೇಳಿದ್ದಲ್ಲ. ಆದರೂ ಆ ಮಾತು ಮನಸ್ಸಿನಲ್ಲೇ ಕೂತಿದೆ. ಈಗ ಅದು ಅಣ್ಣನ ಮನೆ, ಕೇಳೋ ಹಕ್ಕು ನನಗಿದೆಯಾ ಅಂತಲೂ ಅನಿಸುತ್ತದೆ.
ಓದುಗಿ, ಕುಮಟಾ

ಉತ್ತರ: ತಂಗಿ, ಹೋಗು. ನಾಲ್ಕು ದಿನ ಇದ್ದೇ ಬಾ.

ನಾನು ಅಂಕೋಲೆಯಲ್ಲಿ ಹುಟ್ಟಿ, ಘಟ್ಟ ಹತ್ತಿ ಶಿರಸಿಗೆ ಬಂದವಳು. ಅವ್ವ ಹೋದ ಮೇಲೆ ತಮ್ಮಂದಿರು ಮನೆ ಮಾರಿದರು. ಈಗ ಆ ಅಂಗಳದಲ್ಲಿ ಬೇರೆಯವರ ಬಟ್ಟೆ ಒಣಗುತ್ತದೆ. ಆದರೂ ಮೇ ತಿಂಗಳ ಬಂಡಿಹಬ್ಬಕ್ಕೆ ಹೋಗಿಯೇ ಹೋಗುತ್ತೇನೆ. ಉಳಿಯೋದು ಚಿಕ್ಕಮ್ಮನ ಮಗಳ ಮನೆಯಲ್ಲಿ. ಹಾಲಕ್ಕಿ ಒಕ್ಕಲಿಗ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರಲ್ಲ, ಅವರ ಹತ್ತಿರ ಕರಿ ಈಶಾಡು ಮಾವಿನಹಣ್ಣು ತಗೊಳ್ಳುತ್ತೇನೆ. 2023ರಲ್ಲಿ ಈ ಹಣ್ಣಿಗೆ ಇದು ಇಂಥ ಊರಿನದ್ದು ಅಂತ ಗುರುತಿಸುವ ಜಿಐ ಟ್ಯಾಗ್ ಸಿಕ್ಕಿತು, ಬಹಳ ಸಂತೋಷವಾಯಿತು. ನನಗೆ ಅದು ಅವ್ವ ಕೈಯಲ್ಲಿ ಹಿಂಡಿ ರಸಾಯನ ಮಾಡುತ್ತಿದ್ದ ಹಣ್ಣು. ಸಿಪ್ಪೆ ತೆಳು, ರಸ ಜಾಸ್ತಿ, ಬಸ್ಸಿನಲ್ಲಿ ಘಟ್ಟ ಹತ್ತೋದ್ರೊಳಗೆ ಒಂದೆರಡು ಒಡೆದೇ ಹೋಗುತ್ತವೆ. ಬುಟ್ಟಿಯವಳು ನನ್ನ ಮುಖ ನೋಡಿ "ಇಂಥವರ ಮಗಳಲ್ವಾ?" ಅನ್ನುತ್ತಾಳೆ. ಶಿರಸಿಯಲ್ಲಿ ನನ್ನನ್ನು ಹಾಗೆ ಕೇಳುವವರು ಯಾರೂ ಇಲ್ಲ. ಇಲ್ಲಿ ನಾನು ಸೊಸೆಯಾಗಿ ಬಂದವಳು, ಈಗ ಅತ್ತೆ. ಮಗಳಾಗಿ ಎರಡು ದಿನ ಇರೋದಕ್ಕೆ ನನಗೆ ಅಂಕೋಲೆಯೇ ಬೇಕು.

ನಿನ್ನ ಯಜಮಾನರಿಗೆ ಇದು ಹೊಳೆದಿಲ್ಲ. ಹೊಳೆಯೋದಾದರೂ ಹೇಗೆ? ಹೆಚ್ಚಿನ ಗಂಡಸರು ಹುಟ್ಟಿದ ಮನೆಯಲ್ಲೇ ಸಂಸಾರ ಮಾಡುತ್ತಾರೆ. ಬೆಳಿಗ್ಗೆ ಎದ್ದರೆ ಅದೇ ಬಾವಿ, ಅದೇ ಜಗಲಿ. ಹಾಗಾಗಿ "ತವರಿಗೆ ಹೋಗಬೇಕು" ಅಂತಷ್ಟೇ ಹೇಳಬೇಡ, ಅಲ್ಲಿ ಏನು ಮಾಡಬೇಕು ಅಂತಲೂ ಹೇಳು. ಬೀಗ ಹಾಕಿದ ಮಲೆನಾಡಿನ ಮನೆ ಒಂದು ಮಳೆಗಾಲ ಕಳೆದಿದೆ. ಮೆತ್ತಿನ ಮೇಲೆ ಒರಲೆ (ಗೆದ್ದಲು) ಹತ್ತಿದೆಯಾ ನೋಡಬೇಕು. ಒಡೆದ ಹಂಚು ಬದಲಾಯಿಸಬೇಕು. ಇದು ಗಂಡಸರಿಗೆ ಬೇಗ ಅರ್ಥವಾಗುವ ಕೆಲಸ, ಏಣಿ ಹಿಡಿದು ಅವರೇ ಮುಂದೆ ನಿಲ್ಲುತ್ತಾರೆ.

ನಿನ್ನ ಕೆಲಸ ಅಡುಗೆಮನೆಯಲ್ಲಿ. ಆಯಿಯ ಉಪ್ಪಿನಕಾಯಿ ಭರಣಿ ಅಲ್ಲೇ ಇರಬೇಕಲ್ವಾ? ತೊಳೆದು ಬಿಸಿಲಿಗಿಡು. ಜಾತ್ರೆ ಹೊತ್ತಿಗೆ ಶಿರಸಿ ಪೇಟೆಯಲ್ಲಿ ಅಪ್ಪೆಮಿಡಿ ಸಿಗುತ್ತದೆ. ತೊಟ್ಟು ಇರೋದನ್ನೇ ಆರಿಸು. ಸೊನೆ ಹೋದರೆ ಆ ಪರಿಮಳವೇ ಹೋಯಿತು. ತೊಳೆದು, ಒರೆಸಿ, ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು ಹಾಕಿ ಭರಣಿ ಸಮೇತ ಕುಮಟೆಗೆ ತಾ. ಮಿಡಿ ನೀರು ಬಿಟ್ಟು ಚಿರುಟಿದ ಮೇಲೆ ಸಾಸಿವೆ, ಮೆಣಸು ಅರೆದು ಹಾಕಿದರಾಯಿತು. ಆಯಿ ಖಾರ ಎಷ್ಟು ಹಾಕುತ್ತಿದ್ದಳು ಅಂತ ಪಕ್ಕದ ಮನೆಯವರನ್ನು ಕೇಳು. ಅವರಿಗೆ ಖಂಡಿತ ಗೊತ್ತಿರುತ್ತದೆ. ಆಯಿಯ ಬಗ್ಗೆ ಮಾತಾಡಲು ಅವರೂ ಯಾರಾದರೂ ಬರಲಿ ಅಂತ ಕಾಯುತ್ತಿರಬಹುದು.

ಜಾತ್ರೆ ಬರೋದೇ ಎರಡು ವರ್ಷಕ್ಕೊಮ್ಮೆ. ಬೆಳಿಗ್ಗೆ ಬಂದು ಸಂಜೆ ಹೋದರೆ ದೇವಿಗೆ ಉಡಿ ತುಂಬುವ ಸಾಲಿನಲ್ಲೇ ದಿನ ಮುಗಿಯುತ್ತದೆ. ರಾತ್ರಿ ದೇವಿಯ ಕಲ್ಯಾಣ, ಮರುದಿನ ಬೆಳಿಗ್ಗೆ ಜಾತ್ರೆಯ ಗದ್ದುಗೆ ಇರುವ ಬಿಡಕಿಬೈಲಿಗೆ ಹೊರಡುವ ರಥ, ಎರಡನ್ನೂ ನೋಡಬೇಕು. ಬಳೆ ಅಂಗಡಿಯಲ್ಲಿ ಕೂತು ಕೈತುಂಬ ಬಳೆ ಇಟ್ಟುಕೊಳ್ಳಬೇಕು. ಯಜಮಾನರೇ ಕೊಡಿಸಲಿ.

ಇನ್ನು ಹಕ್ಕಿನ ಮಾತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು, ಮದುವೆಯಾಗಿದ್ದರೂ. ಆ ಹೊತ್ತಿಗೆ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಮೊದಲೇ ಪಾಲಾಗಿದ್ದರೆ, ಉಯಿಲು ಇದ್ದರೆ ಲೆಕ್ಕ ಬೇರೆ. ಕಾಗದಪತ್ರ ಹಿಡಿದು ಒಬ್ಬ ವಕೀಲರನ್ನು ಕೇಳು. ಅಣ್ಣನ ಜೊತೆ ಜಗಳ ಮಾಡು ಅಂತ ಹೇಳುತ್ತಿಲ್ಲ. ಬೀಗದ ಕೈ ಕೇಳುವಾಗ ಸಂಕೋಚ ಬೇಡ ಅಂತ ಹೇಳುತ್ತಿದ್ದೇನೆ. ಇನ್ನೊಂದು ಕೈ ಮಾಡಿಸಿ ನಿನ್ನ ಹತ್ತಿರ ಇಟ್ಟುಕೋ. ಅಣ್ಣನಿಗೂ ನಿಶ್ಚಿಂತೆ.

ಪ್ರಶ್ನೆ: ನಾವು ಕಾರವಾರದವರು. ನಮ್ಮಲ್ಲಿ ಮೀನಿಲ್ಲದೆ ಊಟ ಇಳಿಯೋದಿಲ್ಲ. ನಾನು ಮದುವೆಯಾಗಲಿರುವ ಹುಡುಗಿ ಶಿರಸಿ ಕಡೆಯವಳು, ಮೀನು ತಿನ್ನೋದಿಲ್ಲ. ಎರಡೂ ಮನೆಯವರು ಒಪ್ಪಿದ್ದಾರೆ, ಅಡುಗೆಮನೆ ವಿಷಯ ಮಾತ್ರ ಯಾರೂ ಎತ್ತುತ್ತಿಲ್ಲ. ಮುಂದೆ ತಾನಾಗಿ ಸರಿಹೋಗುತ್ತದಾ?
ಓದುಗ, ಕಾರವಾರ

ಉತ್ತರ: ಇಲ್ಲ ತಮ್ಮಾ, ಈಗಲೇ ಮಾತಾಡು. ಮಾತು ಎತ್ತಬೇಕಾದವನು ನೀನೇ. ಅವಳಿಗೆ ಬೇರೆ ಒಲೆ, ನಾಲ್ಕು ಪಾತ್ರೆ, ಒಂದು ಈಳಿಗೆಮಣೆ ಇರಲಿ. ತಾಜಾ ಮೀನಿನ ಸಾರು ಅವಳಿಗೆ ಅಷ್ಟು ಕಷ್ಟ ಆಗಲಿಕ್ಕಿಲ್ಲ. ಕಷ್ಟ ಇರೋದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಆಗ ನಿಮ್ಮ ಮನೆಗಳಲ್ಲಿ ಒಣಮೀನು. ಕಿಟಕಿ ಬಾಗಿಲು ಮುಚ್ಚಿದ ಮನೆಯೊಳಗೆ ಒಣಮೀನು ಸುಟ್ಟರೆ ರೂಢಿ ಇಲ್ಲದವರಿಗೆ ತಡೆಯೋದಿಲ್ಲ. ಹಿತ್ತಿಲಿನಲ್ಲಿ ಒಂದು ಮಾಡು ಇಳಿಸಿ ಅಲ್ಲಿ ಒಲೆ ಹಾಕಿ. ತೆಂಗಿನಕಾಯಿ, ಮುರುಗಲು ಎರಡೂ ಮನೆಯಲ್ಲಿ ಇದ್ದದ್ದೇ. ನಿಮ್ಮ ಅಮ್ಮ ಅವೆರಡನ್ನೂ ಹಾಕಿ ಮಾಡುವ ಸೋಲ್‌ಕಡಿ ಅವಳು ಮೊದಲ ದಿನವೇ ಕೇಳಿ ಹಾಕಿಸಿಕೊಳ್ಳುತ್ತಾಳೆ ನೋಡು. ಆದರೆ ಒಲೆಯ ಮಾತು ಮದುವೆ ತಾರೀಖು ಗೊತ್ತುಮಾಡುವ ಮೊದಲೇ ಆಗಲಿ, ಅವಳ ಎದುರಿಗೇ ಆಗಲಿ.